ಹಾರ್ಮೋನ್ ಮಾತ್ರೆ ಬಿಟ್ಟ ಮೇಲೆ ಗಮನ ನಿಲ್ಲದಿದ್ದರೆ, ಮೊದಲು ನಿದ್ದೆ ನೋಡಿ

ಹಾರ್ಮೋನ್ ಮಾತ್ರೆ ಇನ್ನು ಸಾಕು, ನಿಲ್ಲಿಸಿಬಿಡಿ ಎಂದು ಹೇಳೋಕೆ ಡಾಕ್ಟರಿಗೆ ಅರ್ಧ ನಿಮಿಷ ಸಾಕು. ನಿಲ್ಲಿಸಿದ ಮೇಲೆ ಮೈಗೆ ಏನಾಗಬಹುದು, ತಲೆಗೆ ಏನಾಗಬಹುದು, ಆಗ ಏನು ಮಾಡಬೇಕು ಅನ್ನೋದನ್ನು ಹೇಳೋಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದೇ ಇಲ್ಲ. ನನ್ನ ಸಿಟ್ಟು ಇರುವುದು ಅಲ್ಲೇ.

ಮುಟ್ಟು ನಿಲ್ಲುವ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದನ್ನು ತಡೆಯಲಾಗದೆ ಎಚ್‌ಆರ್‌ಟಿ, ಅಂದರೆ ಮೈಯಲ್ಲಿ ಕಡಿಮೆಯಾದ ಹಾರ್ಮೋನನ್ನು ಹೊರಗಿನಿಂದ ಕೊಡುವ ಚಿಕಿತ್ಸೆ, ಶುರು ಮಾಡಿದವಳು ನಾನು. ಅದರಿಂದ ಒಳ್ಳೆಯದೇ ಆಯಿತು. ಕೆಲವು ವರ್ಷ ಕಳೆದ ಮೇಲೆ ನಿಲ್ಲಿಸಿ ಅಂದರು, ನಿಲ್ಲಿಸಿದೆ. ಬೆವರು ಮತ್ತೆ ಬಂದರೂ ಬರಬಹುದು ಅಂತ ಗೊತ್ತಿತ್ತು. ಗಮನ ಹೀಗೆ ಕೈಕೊಡುತ್ತದೆ ಅಂತ ಯಾರೂ ಹೇಳಿರಲಿಲ್ಲ.

ನನ್ನ ಕೆಲಸ ಕರಡು ತಿದ್ದುವುದು. ಕಣ್ಣು ಸಾಲಿನ ಮೇಲೆ ಸರಿಯಾಗಿಯೇ ಹೋಗುತ್ತಿರುತ್ತದೆ, ಪೆನ್ಸಿಲ್ ತುದಿ ಪದದಿಂದ ಪದಕ್ಕೆ ಸರಿಯುತ್ತಿರುತ್ತದೆ, ಒಂದೊಂದು ಪದವೂ ಅರ್ಥವಾಗುತ್ತದೆ, ಆದರೆ ಸಾಲು ಮುಗಿಯುವಷ್ಟರಲ್ಲಿ ಅದು ಎಲ್ಲಿಂದ ಶುರುವಾಗಿತ್ತು ಅನ್ನೋದು ಹೋಗಿಬಿಟ್ಟಿರುತ್ತದೆ. ಪುಟದ ಕೊನೆಗೆ ಬಂದು ಮತ್ತೆ ಮೇಲಿನಿಂದ. ನಡುವೆ ಯಾರಾದರೂ ಏನೋ ಕೇಳಿದರೆ ಮುಗೀತು, ಎಲ್ಲಿದ್ದೆ ಅಂತ ಹುಡುಕೋಕೇ ಅಷ್ಟು ಹೊತ್ತು. ಹಳೆಯ ವಿಷಯ, ಜನರ ಹೆಸರು, ಕೊಡಬೇಕಾದ ದಿನಾಂಕ ಎಲ್ಲ ನೆನಪಿತ್ತು. ಈಗ ಹಿಡಿದದ್ದು ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಇದನ್ನು ಹೇಳಿಕೊಂಡರೆ ಸಿಗುವ ಉತ್ತರ ಒಂದೇ. ವಯಸ್ಸಾಯ್ತಲ್ವಾ, ಎಲ್ಲರಿಗೂ ಹೀಗೇ. ಈ ಮಾತು ನನಗೆ ಸರಿ ಅನ್ನಿಸುವುದಿಲ್ಲ. ವಯಸ್ಸು ಒಂದೇ ವಾರದಲ್ಲಿ ಏರಿಬಿಡುವುದಿಲ್ಲ. ಆದರೆ ಮಾತ್ರೆ ಬಿಟ್ಟ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದುಹೋಗುತ್ತದೆ. ಆ ಈಸ್ಟ್ರೋಜನ್ ಬರೀ ಗರ್ಭಕೋಶದ ವಿಷಯ ಅಲ್ಲ. ನೆನಪನ್ನು ನೋಡಿಕೊಳ್ಳುವ ಹಿಪೊಕ್ಯಾಂಪಸ್, ಗಮನವನ್ನು ಹಿಡಿದಿಡುವ ಹಣೆಯ ಹಿಂದಿನ ಮಿದುಳಿನ ಭಾಗ, ಎರಡರಲ್ಲೂ ಅದನ್ನು ಗುರುತಿಸುವ ರಿಸೆಪ್ಟರ್‌ಗಳಿವೆ. ಮಿದುಳಿನ ತಳದಲ್ಲಿ ಮೈಯ ಕಾವನ್ನು ನಿಭಾಯಿಸುವ ಜಾಗ ಒಂದಿದೆ, ಹೈಪೊಥಾಲಮಸ್ ಅಂತ. ಈಸ್ಟ್ರೋಜನ್ ಕಡಿಮೆಯಾದಾಗ ಅಲ್ಲಿನ ಕೆಲವು ನರಕೋಶಗಳು ಅತಿಯಾಗಿ ಚುರುಕಾಗಿ, ಸುಮ್ಸುಮ್ನೆ ಮೈ ಬಿಸಿಯಾಗಿದೆ ಅಂತ ಸುದ್ದಿ ಕಳಿಸುತ್ತವೆ. ಬೆವರು ಬರುವುದು ಹಾಗೆ. ಎಚ್‌ಆರ್‌ಟಿ ನಿಲ್ಲಿಸಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಈ ಬಿಸಿ, ಬೆವರು ಮತ್ತೆ ಬರುತ್ತದೆ.

ಹಾಗಾದರೆ ಗಮನಕ್ಕಾಗಿ ಮತ್ತೆ ಮಾತ್ರೆ ಶುರು ಮಾಡಿಬಿಡೋಣ್ವಾ? ನನಗೂ ಮೊದಲು ಬಂದ ಯೋಚನೆ ಅದೇ. ಓದುತ್ತಾ ಹೋದ ಹಾಗೆ ವಿಷಯ ಅಷ್ಟು ಸಲೀಸಾಗಿಲ್ಲ ಅಂತ ತಿಳಿಯಿತು. ಅಮೆರಿಕದ ಕೀಪ್ಸ್ ಅನ್ನುವ ಅಧ್ಯಯನದಲ್ಲಿ, ಮುಟ್ಟು ನಿಂತು ಹೆಚ್ಚು ಕಾಲ ಆಗಿರದ ಹೆಂಗಸರಿಗೆ 4 ವರ್ಷ ಹಾರ್ಮೋನ್ ಕೊಟ್ಟು ನೋಡಿದರು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ ನೆನಪು, ಗಮನದ ಪರೀಕ್ಷೆಗಳಲ್ಲಿ ಹಾರ್ಮೋನ್ ಪಡೆದವರಿಗೂ ಔಷಧಿಯೇ ಇಲ್ಲದ ಸುಳ್ಳುಮಾತ್ರೆ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ಹೆಂಗಸರಲ್ಲಿ ಹಲವರನ್ನು ಸುಮಾರು 10 ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿದಾಗಲೂ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇನ್ನೊಂದು ಕಡೆ, 65 ದಾಟಿದ ಮೇಲೆ ಹೊಸದಾಗಿ ಎರಡು ಹಾರ್ಮೋನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ಮರೆಗುಳಿತನದ ಕಾಯಿಲೆ ಸುಮಾರು ಎರಡು ಪಟ್ಟು ಕಂಡಿತು ಅಂತ 2003ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಹೇಳಿತು. ಎರಡು ಪಟ್ಟು ಅಂದಾಗ ಎದೆ ಝಲ್ ಅನ್ನುತ್ತದೆ. ಲೆಕ್ಕ ನೋಡಿದರೆ, ವರ್ಷಕ್ಕೆ 10,000 ಹೆಂಗಸರಲ್ಲಿ 23 ಜನ ಹೆಚ್ಚು. ಅದೂ ಆ ವಯಸ್ಸಿನವರ ಮಾತು. 50ರ ಆಸುಪಾಸಿನಲ್ಲಿ ಕೆಲವು ವರ್ಷ ತೆಗೆದುಕೊಂಡವರು ಇದನ್ನು ತಮ್ಮ ತಲೆ ಮೇಲೆ ಎಳೆದುಕೊಂಡು ರಾತ್ರಿಯೆಲ್ಲ ಕೊರಗಬೇಕಾಗಿಲ್ಲ.

ನನ್ನ ಮಟ್ಟಿಗೆ ನಿಜವಾದ ಕಳ್ಳ ಸಿಕ್ಕಿದ್ದು ರಾತ್ರಿಯಲ್ಲಿ. ಗಮನ ಹೋಯಿತು ಅಂತ ಹಗಲಿಡೀ ತಲೆ ಚಚ್ಚಿಕೊಳ್ಳುತ್ತೇವೆ, ರಾತ್ರಿ ಹೇಗೆ ಕಳೆಯಿತು ಅಂತ ನೋಡುವುದೇ ಇಲ್ಲ. ಮಧ್ಯರಾತ್ರಿ ಕುತ್ತಿಗೆ, ಬೆನ್ನು ಒದ್ದೆಯಾಗಿ ಎಚ್ಚರ ಆಗುತ್ತದೆ, ಹೊದಿಕೆ ಒದೆಯುತ್ತೇವೆ, ಸ್ವಲ್ಪ ಹೊತ್ತಿಗೆ ಚಳಿ ಹತ್ತಿ ಮತ್ತೆ ಎಳೆದುಕೊಳ್ಳುತ್ತೇವೆ. ಇದು ನೆನಪಿರುವ ಎಚ್ಚರ. ಬೆಳಿಗ್ಗೆಗೆ ನೆನಪೇ ಇರದ ಚಿಕ್ಕ ಚಿಕ್ಕ ಎಚ್ಚರಗಳೂ ಇರುತ್ತವೆ. ಹಾಸಿಗೆಯಲ್ಲಿ ಬೇಕಾದಷ್ಟು ಗಂಟೆ ಬಿದ್ದಿದ್ದೇವೆ, ಆದರೆ ನಿದ್ದೆ ಚೂರುಚೂರಾಗಿದೆ. ನಿದ್ದೆ ಒಡೆದವರಿಗೆ ಯಾವ ವಯಸ್ಸಾದರೂ ಗಮನ ನಿಲ್ಲುವುದಿಲ್ಲ. ಹಸುಗೂಸಿನ ತಾಯಂದಿರನ್ನು ಕೇಳಿ ನೋಡಿ.

ಅದಕ್ಕೇ ನಾನು ಹೇಳುವುದು, ಮೊದಲು ನಿದ್ದೆ ಸರಿ ಮಾಡಿಕೊಳ್ಳಿ, ಉಳಿದದ್ದು ಆಮೇಲೆ. ಮಲಗುವ ಕೋಣೆ ತಂಪಾಗಿರಲಿ, ಒಂದು ದಪ್ಪ ಹೊದಿಕೆಯ ಬದಲು ಎರಡು ತೆಳುವಾದವು ಇರಲಿ, ಏಳುವ ಹೊತ್ತು ಮಾತ್ರ ದಿನಾ ಒಂದೇ ಇರಲಿ. ಇಷ್ಟಕ್ಕೆ ಆಗದಿದ್ದರೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ. ನಿದ್ದೆಗೆಂದೇ ಮಾಡಿದ ಸಿಬಿಟಿಯನ್ನು ಫೋನಿನಲ್ಲೇ ಕೊಟ್ಟು ನೋಡಿದಾಗಲೂ ಈ ವಯಸ್ಸಿನ ಹೆಂಗಸರ ನಿದ್ದೆ ಸುಧಾರಿಸಿದೆ. ಮನಸ್ಸಿನ ಡಾಕ್ಟರ ಹತ್ತಿರ ಹೋಗಬೇಕಾ ಅಂತ ಹಿಂಜರಿಯಬೇಡಿ. ಬೆವರಿಗೆ ಹಾರ್ಮೋನ್ ಅಲ್ಲದ ಔಷಧಿಗಳೂ ಇವೆ. ಮೇಲೆ ಹೇಳಿದ ಆ ನರಕೋಶಗಳನ್ನೇ ತಣ್ಣಗೆ ಮಾಡುವ ಫೆಜೊಲಿನೆಟಂಟ್ ಅನ್ನುವ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದಕ್ಕೆ ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು, ಎಲ್ಲರಿಗೂ ಆಗಿಬರುವುದಿಲ್ಲ. ಡಾಕ್ಟರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವರು ಅದನ್ನೂ ಬಾಯಿಬಿಟ್ಟು ಹೇಳಿ. ನಾಚಿಕೊಂಡು ಮುಚ್ಚಿಟ್ಟರೆ ನಿದ್ದೆ ಹಾಗೇ ಹಾಳಾಗುತ್ತಿರುತ್ತದೆ. ಇದಕ್ಕೆ ಯೋನಿಗೆ ಹಚ್ಚುವ ಕಡಿಮೆ ಡೋಸಿನ ಈಸ್ಟ್ರೋಜನ್ ಕ್ರೀಮ್ ಇದೆ. ಅದು ರಕ್ತಕ್ಕೆ ಸೇರುವುದು ತುಂಬಾ ಕಡಿಮೆ, ಮಾತ್ರೆ ಬಿಟ್ಟವರಲ್ಲೂ ಎಷ್ಟೋ ಜನರಿಗೆ ಅದನ್ನು ಕೊಡುತ್ತಾರೆ. ಸ್ತನದ ಕ್ಯಾನ್ಸರ್ ಆಗಿದ್ದವರು ಮಾತ್ರ ಮೊದಲು ಕ್ಯಾನ್ಸರ್ ಡಾಕ್ಟರನ್ನು ಕೇಳಲೇಬೇಕು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಿದ್ದೆ ಬರಲಿ ಅಂತ ಅಂಗಡಿಯಿಂದ ತಂದು ನುಂಗುವ ಹಳೆಯ ಕಾಲದ ನೆಗಡಿ, ಅಲರ್ಜಿ ಮಾತ್ರೆಗಳು (ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್ ಅಂತ ಹಿಂದೆ ಬರೆದಿರುತ್ತದೆ), ಮೂತ್ರ ತಡೆಯೋಕೆ ಕೊಡುವ ಆಕ್ಸಿಬ್ಯುಟಿನಿನ್, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಇವೆಲ್ಲ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಗಮನಕ್ಕೂ ನೆನಪಿಗೂ ಬೇಕಾದದ್ದೇ ಅದು. ಆಕ್ಸಿಬ್ಯುಟಿನಿನ್ನನ್ನು ಬೆವರಿಗೂ ಕೊಡುವುದುಂಟು. ಅಂದರೆ ಹಾರ್ಮೋನ್ ಬಿಟ್ಟ ತೊಂದರೆಗೆ ಅಂತ ತೆಗೆದುಕೊಂಡ ಮಾತ್ರೆಯೇ ತಲೆಯನ್ನು ಇನ್ನಷ್ಟು ಮಂಕು ಮಾಡುತ್ತಿರಬಹುದು. ಡಾಕ್ಟರ್ ಕೊಟ್ಟದ್ದನ್ನು ನೀವೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿದು, ಇದರಲ್ಲಿ ಯಾವುದು ತಲೆ ಮಂಕು ಮಾಡುತ್ತದೆ ಅಂತ ಕೇಳಿ. ಜೊತೆಗೆ ಥೈರಾಯ್ಡ್, ಬಿ12, ಕಬ್ಬಿಣದ ಅಂಶ ನೋಡಲು ರಕ್ತ ಪರೀಕ್ಷೆ ಮಾಡಿಸಿ. ಗೊರಕೆ ಜಾಸ್ತಿ ಇದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚಾಗುತ್ತದೆ.

ಕೆಲಸ ಮಾತ್ರ ಇದಕ್ಕೆಲ್ಲ ಕಾಯುವುದಿಲ್ಲ. ನಾನು ಮಾಡುವುದು ಇಷ್ಟು. ಕಷ್ಟದ ಪುಟಗಳು ಬೆಳಿಗ್ಗೆಗೆ. ಫೋನ್ ಇನ್ನೊಂದು ಕೋಣೆಯಲ್ಲಿ. ಮೇಜಿನ ಮೇಲೆ ಒಂದೇ ಕೆಲಸ. ಯಾರಾದರೂ ಕರೆದರೆ ಏಳುವ ಮೊದಲು ಪುಟದ ಅಂಚಿನಲ್ಲಿ ಒಂದು ಸಾಲು ಬರೆಯುತ್ತೇನೆ: ಮೂರನೇ ಪ್ಯಾರಾ, ಇಸವಿ ತಾಳೆ ಆಗುತ್ತಿಲ್ಲ, ಮೊದಲ ಪುಟ ನೋಡು. ಬರೀ ಒಂದು ಗುರುತು ಹಾಕಿದರೆ ಆಗುವುದಿಲ್ಲ, ಏನು ಯೋಚಿಸುತ್ತಿದ್ದೆ, ಮುಂದೆ ಏನು ಮಾಡಬೇಕು ಎರಡೂ ಇರಬೇಕು. ಆ ಒಂದು ಸಾಲಿನಿಂದ ನನಗೆ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ. ಅರ್ಥ ಕೂರದ ಸಾಲನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತೇನೆ, ಕಿವಿಗೆ ಬಿದ್ದರೆ ನಿಲ್ಲುತ್ತದೆ. ಮತ್ತೆ, ಮಧ್ಯಾಹ್ನ ತಲೆ ಭಾರವಾದಾಗ ಕುರ್ಚಿಯಲ್ಲೇ ಗುದ್ದಾಡುವ ಬದಲು ಎದ್ದು ನಡೆದು ಬರುತ್ತೇನೆ.

ದಿನವಿಡೀ ನಮ್ಮ ತಲೆಯನ್ನು ನಾವೇ ಪರೀಕ್ಷೆ ಮಾಡುತ್ತಾ ಕೂರುವುದೂ ಒಂದು ಕಾಟ. ಈಗ ಮರೆತೆನಾ, ಈಗ ತಪ್ಪಿತಾ ಅಂತ ನೋಡಿಕೊಳ್ಳುತ್ತಿದ್ದರೆ ಇರುವ ಚೂರು ಗಮನವೂ ಅದಕ್ಕೇ ಖರ್ಚಾಗುತ್ತದೆ. ಮನೆಯವರಿಗೆ ಒಮ್ಮೆ ಬಿಡಿಸಿ ಹೇಳಿ. ನಾನು ಕೆಲಸದಲ್ಲಿದ್ದಾಗ ಬಾಗಿಲಿಂದ ಕೂಗಬೇಡಿ, ಬೇಕಾದ್ದನ್ನು ಚೀಟಿಯಲ್ಲಿ ಬರೆದಿಡಿ ಅಂದೆ. ಕೇಳಿದರು.

ಅಮೆರಿಕದ ಸ್ವಾನ್ ಅಧ್ಯಯನ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ನಾಲ್ಕು ವರ್ಷ ಗಮನಿಸಿ 2009ರಲ್ಲಿ ಹೇಳಿದ್ದು ನನಗೆ ಧೈರ್ಯ ಕೊಟ್ಟಿತು. ಮುಟ್ಟು ನಿಲ್ಲುವ ಹಂತದಲ್ಲಿ ಹೊಸದನ್ನು ಕಲಿಯುವ ಶಕ್ತಿ ಮಂದವಾಗುತ್ತದೆ, ಆ ಹಂತ ದಾಟಿದ ಮೇಲೆ ಮತ್ತೆ ಸರಿಹೋಗುತ್ತದೆ ಅಂತ. ಅದು ಮಾತ್ರೆ ಬಿಟ್ಟವರನ್ನು ನೋಡಿದ ಅಧ್ಯಯನ ಅಲ್ಲ ನಿಜ. ಹಾರ್ಮೋನ್ ಇಳಿದಾಗ ಮಂಕಾದ ತಲೆ ಹಾಗೇ ಉಳಿಯಬೇಕಾಗಿಲ್ಲ ಅನ್ನುವುದಂತೂ ಅದರಿಂದ ಗೊತ್ತಾಗುತ್ತದೆ.

ಇನ್ನೂ ನಿಲ್ಲಿಸದವರು ಹೇಗೆ ನಿಲ್ಲಿಸಬೇಕು ಅಂತಲೂ ಕೇಳಿ. ಒಮ್ಮೆಗೇ ಬಿಡಬಹುದು, ಸ್ವಲ್ಪ ಸ್ವಲ್ಪವಾಗಿ ಡೋಸ್ ಇಳಿಸಲೂಬಹುದು. ನಿಧಾನವಾಗಿ ಇಳಿಸಿದರೆ ಮೊದಮೊದಲ ತೊಂದರೆ ಕಡಿಮೆ ಆಗಬಹುದು, ಕೊನೆಗೆ ಎರಡೂ ಒಂದೇ ಅಂತ ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಸಲಹೆ ಕೊಡುವ ನೈಸ್ ಅನ್ನುವ ಸಂಸ್ಥೆಯ ಮಾರ್ಗಸೂಚಿ 2015ರಲ್ಲೇ ಹೇಳಿದೆ. ಮುಖ್ಯವಾದ ಕೆಲಸ ತಲೆ ಮೇಲಿರುವಾಗ ಇದನ್ನು ಶುರು ಮಾಡಬೇಡಿ. ನಿಲ್ಲಿಸಿ ತಿಂಗಳುಗಳು ಕಳೆದರೂ ಬೆವರು, ನಿದ್ದೆಗೇಡು ತಡೆಯಲಾಗದಷ್ಟಿದ್ದರೆ ಮತ್ತೆ ಶುರು ಮಾಡುವ ಮಾತನ್ನೂ ಡಾಕ್ಟರ ಮುಂದೆ ಎತ್ತಿ. ನಿಮ್ಮ ವಯಸ್ಸು, ಮನೆತನದ ಕಾಯಿಲೆ, ರಕ್ತ ಹೆಪ್ಪುಗಟ್ಟುವ ಭಯ ಎಲ್ಲ ನೋಡಿ ಅವರು ಹೇಳಲಿ. ಹಾರ್ಮೋನ್ ಅಂದ ಕೂಡಲೇ ಬೇಡ ಅಂತ ಬಾಗಿಲು ಮುಚ್ಚುವವರಾದರೆ ಇನ್ನೊಬ್ಬರನ್ನು ನೋಡಿ.

ಮತ್ತೆ, ಗೊತ್ತಿರುವ ದಾರಿಯೇ ತಪ್ಪುತ್ತಿದ್ದರೆ, ದಿನಾ ಮಾಡುವ ಕೆಲಸ ಹೇಗೆ ಮಾಡುವುದು ಅಂತಲೇ ತೋಚದಿದ್ದರೆ, ನಿಮಗಿಂತ ಮೊದಲು ಮನೆಯವರಿಗೇ ಏನೋ ಬದಲಾಗಿದೆ ಅನ್ನಿಸುತ್ತಿದ್ದರೆ, ಅದನ್ನು ಹಾರ್ಮೋನಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ. ಅಂಥವರು ತಡಮಾಡದೆ ನರರೋಗದ ಡಾಕ್ಟರನ್ನು ನೋಡಬೇಕು, ಹೋಗುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.