69 ಗೆಲುವು, 93 ಸೋಲು, ಆಮೇಲೆ ಬೀಗ

2024ರ ಬೇಸ್‌ಬಾಲ್ ಸೀಸನ್ ಮುಗಿದು ಮೂರು ತಿಂಗಳಾಯಿತು. ಬರೆಯೋಣ ಅಂತ ಕೂತಾಗೆಲ್ಲ ನಾಲ್ಕು ಸಾಲು ಬರೆದು ಅಳಿಸಿ ಎದ್ದುಬಿಡುತ್ತಿದ್ದೆ. ಮೊನ್ನೆ ನಮ್ಮ ಟೀಮಿನ ಹಳೇ ಆಟಗಾರ ರಿಕಿ ಹೆಂಡರ್ಸನ್ ತೀರಿಕೊಂಡ ಸುದ್ದಿ ಬಂತು. ಇನ್ನು ಬರೆಯದೆ ಇರೋಕೆ ಆಗಲಿಲ್ಲ. ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಓಕ್ಲ್ಯಾಂಡ್ ಅಥ್ಲೆಟಿಕ್ಸ್ ನಮ್ಮ ಮನೆಯ ಟೀಮು. ಎಲ್ಲರೂ ಕರೆಯೋದು ಸುಮ್ನೆ 'ಎ'ಸ್' ಅಂತ. ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಬಾರ್ಟ್ ರೈಲು ಹತ್ತಿದರೆ ಸ್ಟೇಡಿಯಂ ಅರ್ಧ ಗಂಟೆಯ ದಾರಿ. ಶಿವಮೊಗ್ಗದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದ ನನಗೆ ಬೇಸ್‌ಬಾಲ್ ಮೊದಮೊದಲು ಏನೂ ತಲೆಗೆ ಹೋಗುತ್ತಿರಲಿಲ್ಲ. ಮೂರು ಗಂಟೆ ಕೂತು ಎರಡು ರನ್ ನೋಡೋದಾ ಅಂತ ನಗುತ್ತಿದ್ದೆ. 2012ರಲ್ಲಿ ಈ ಟೀಮು ಜೂನ್ ಕೊನೆಗೆ ಟೆಕ್ಸಸ್ ಟೀಮಿಗಿಂತ 13 ಪಂದ್ಯ ಹಿಂದಿತ್ತು. ಆದರೂ ಸೀಸನ್ನಿನ ಕಟ್ಟಕಡೆಯ ದಿನ ಅದೇ ಟೆಕ್ಸಸ್ಸನ್ನು ಸೋಲಿಸಿ ಡಿವಿಷನ್, ಅಂದರೆ ಲೀಗಿನೊಳಗಿನ ತಮ್ಮ ಗುಂಪನ್ನು, ಗೆದ್ದಿತು. ಅವತ್ತಿಂದ ನಗು ನಿಂತಿತು, ಹುಚ್ಚು ಹಿಡಿಯಿತು. ಆಮೇಲೆ ಹುಟ್ಟಿದ ಮಗಳಿಗೆ ಬೇರೆ ದಾರಿಯೇ ಇರಲಿಲ್ಲ, ಪಾಪ.

ಈಗ 2024ಕ್ಕೆ ಬರೋಣ.

ಸೀಸನ್ ಶುರುವಾಗಿದ್ದೇ ವಿಚಿತ್ರವಾಗಿ. ಮಾರ್ಚ್ 28, ಕ್ಲೀವ್‌ಲ್ಯಾಂಡ್ ವಿರುದ್ಧ ಮೊದಲ ಪಂದ್ಯ. ಸಾವಿರಾರು ಅಭಿಮಾನಿಗಳು ಸ್ಟೇಡಿಯಂವರೆಗೂ ಬಂದರು, ಒಳಗೆ ಮಾತ್ರ ಹೋಗಲಿಲ್ಲ. ಪಾರ್ಕಿಂಗ್ ಜಾಗದಲ್ಲೇ ಒಲೆ ಹಚ್ಚಿ, ಡ್ರಮ್ ಬಾರಿಸಿ, ಹಬ್ಬ ಮಾಡಿದರು. ಒಳಗೆ ಟೀಮು 8-0ರಲ್ಲಿ ಸೋತಿತು. ಕಾರಣ ನಿಮಗೆ ಗೊತ್ತಿರಬಹುದು. ಮಾಲೀಕ ಜಾನ್ ಫಿಶರ್ ಟೀಮನ್ನು ಲಾಸ್ ವೇಗಸ್‌ಗೆ ಸಾಗಿಸೋಕೆ ಹೊರಟಿದ್ದರು. ಅದಕ್ಕೆ 2023ರ ನವೆಂಬರಿನಲ್ಲೇ ಲೀಗಿನ ಟೀಮುಗಳ ಮಾಲೀಕರೆಲ್ಲ ಸೇರಿ 30-0 ಮತದಿಂದ ಒಪ್ಪಿಗೆ ಕೊಟ್ಟಾಗಿತ್ತು. ಒಬ್ಬರಾದರೂ ಬೇಡ ಅನ್ನಬಾರದಿತ್ತಾ? ಮೊದಲ ಪಂದ್ಯ ಮುಗಿದು ಒಂದು ವಾರಕ್ಕೆ ಇನ್ನೊಂದು ಸುದ್ದಿ: ವೇಗಸ್ ಸ್ಟೇಡಿಯಂ ಆಗೋವರೆಗೆ ಸ್ಯಾಕ್ರಮೆಂಟೊದ ಪುಟ್ಟ ಮೈದಾನದಲ್ಲಿ ಆಡುತ್ತಾರಂತೆ. ಹದಿನಾಲ್ಕು ಸಾವಿರ ಜನ ಹಿಡಿಸುವ ಜಾಗ ಅದು. ಹೆಸರಿನ ಮುಂದೆ ಊರೂ ಇರುವುದಿಲ್ಲವಂತೆ, ಬರೀ 'ಅಥ್ಲೆಟಿಕ್ಸ್'.

ಅಂದರೆ ಏಪ್ರಿಲ್ ಮೊದಲ ವಾರಕ್ಕೇ ಇದು ಓಕ್ಲ್ಯಾಂಡ್‌ನ ಕೊನೆಯ ಸೀಸನ್ ಅಂತ ಖಚಿತವಾಯಿತು. ಇನ್ನೂ ನೂರೈವತ್ತಕ್ಕೂ ಜಾಸ್ತಿ ಪಂದ್ಯ ಬಾಕಿ ಇದ್ದವು.

ಇಷ್ಟೆಲ್ಲ ಆದ ಮೇಲೆ ಆಟಗಾರರು ಹೇಗೆ ಆಡಬಹುದು ಹೇಳಿ? ಹಿಂದಿನ ವರ್ಷ 112 ಸೋಲು. ಅದರ ಹಿಂದಿನ ವರ್ಷ 102. ಎಲ್ಲ ಟೀಮುಗಳಿಗಿಂತ ಕಡಿಮೆ ಸಂಬಳದ ಟೀಮು. ಈ ಸಲವೂ ನೂರು ದಾಟುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಇವರು ನೋಡಿದರೆ ಏಪ್ರಿಲ್‌ನಲ್ಲಿ ಚೆನ್ನಾಗೇ ಆಡಿದರು. ಟೆಕ್ಸಸ್‌ನಲ್ಲಿ ಒಂದು ರಾತ್ರಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಶೇ ಲ್ಯಾಂಗಲಿಯರ್ಸ್ ಒಬ್ಬನೇ ಮೂರು ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು 4-3ರಲ್ಲಿ ಗೆಲ್ಲಿಸಿದ. ಮೇ 4ರಂದು ಮಯಾಮಿ ವಿರುದ್ಧ 20-4. ಇಪ್ಪತ್ತು ರನ್! ಬೇಸ್‌ಬಾಲ್‌ನಲ್ಲಿ ಇಪ್ಪತ್ತು ಅಂದರೆ ಟ್ವೆಂಟಿ-ಟ್ವೆಂಟಿಯಲ್ಲಿ 270 ಹೊಡೆದ ಹಾಗೆ.

ಆಮೇಲೆ ಜಾರಿದರು. ಮೇ, ಜೂನ್ ತಿಂಗಳ ಬಗ್ಗೆ ಬರೆಯೋಕೆ ಮನಸ್ಸಿಲ್ಲ. ಚೆಂಡು ಎಸೆಯೋ ಪಿಚರ್‌ಗಳು ಗಾಯಗೊಂಡರು, ಬ್ಯಾಟುಗಳು ಮಲಗಿದವು. ಸೀಸನ್ ನಡುವಿನ ಆಲ್-ಸ್ಟಾರ್ ಬಿಡುವಿಗೆ ಲೆಕ್ಕ 37 ಗೆಲುವು, 61 ಸೋಲು.

ಬಿಡುವಿಗೆ ಹೋಗುವ ಹಿಂದಿನ ಪಂದ್ಯದಲ್ಲೇ ಏನೋ ಬದಲಾಯಿತು ಅಂತ ನನ್ನ ಅಭಿಪ್ರಾಯ. ಜುಲೈ 14, ಫಿಲಡೆಲ್ಫಿಯಾದಲ್ಲಿ, ಆಗ ಒಳ್ಳೆ ಫಾರ್ಮ್‌ನಲ್ಲಿದ್ದ ಫಿಲ್ಲೀಸ್ ಎದುರು 18-3. ಎಂಟು ಹೋಮ್ ರನ್. ಅದರಲ್ಲಿ ಮೂರು ಲಾರೆನ್ಸ್ ಬಟ್ಲರ್‌ದು. ಈ ಹುಡುಗನನ್ನು ಮೇನಲ್ಲಿ ಕೆಳಗಿನ ಲೀಗ್‌ಗೆ ಇಳಿಸಿದ್ದರು. ವಾಪಸ್ ಬಂದವನು ಬೇರೆ ಮನುಷ್ಯನೇ ಆಗಿದ್ದ. ವರ್ಷದ ಕೊನೆಗೆ 22 ಹೋಮ್ ರನ್. ಬಿಡುವಿನ ನಂತರ ಟೀಮು ಗೆದ್ದಿದ್ದು 32, ಸೋತಿದ್ದು 32. ಕೇಳೋಕೆ ದೊಡ್ಡದಲ್ಲ. ಆದರೆ ಮನೆ ಖಾಲಿ ಮಾಡಿ ಅಂತ ನೋಟಿಸ್ ಕೊಟ್ಟ ಮೇಲೂ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡೋರು ಇರ್ತಾರಲ್ವಾ, ಆ ಥರ ಆಡಿದರು. ಒಟ್ಟು 69-93. ಹಿಂದಿನ ವರ್ಷಕ್ಕಿಂತ 19 ಗೆಲುವು ಜಾಸ್ತಿ.

ಬ್ರೆಂಟ್ ರೂಕರ್ ಬಗ್ಗೆ ಹೇಳಲೇಬೇಕು. ಮೂರು ಟೀಮು ಸುತ್ತಿ, ಯಾರಿಗೂ ಬೇಡವಾಗಿ, 2022ರ ಕೊನೆಗೆ ಕ್ಯಾನ್ಸಸ್ ಸಿಟಿ ಕೈಬಿಟ್ಟಾಗ ಇವರು ಎತ್ತಿಕೊಂಡ ಆಟಗಾರ. ಈ ವರ್ಷ 39 ಹೋಮ್ ರನ್, 112 ರನ್ ತಂದುಕೊಟ್ಟ. ಇನ್ನೊಬ್ಬ ಮೇಸನ್ ಮಿಲ್ಲರ್. ಕೊನೆಯ ಇನಿಂಗ್ಸ್‌ಗೆ ಬಂದು ಪಂದ್ಯ ಮುಗಿಸುವ ಪಿಚರ್, ಕ್ಲೋಸರ್ ಅಂತಾರೆ. ಗಂಟೆಗೆ ನೂರು ಮೈಲಿ ದಾಟಿಸಿ ಎಸೆಯುತ್ತಾನೆ, ಅಂದರೆ 160 ಕಿಲೋಮೀಟರ್ ಮೇಲೆ, ಅದೂ ಒಂದಲ್ಲ, ಒಂದಾದ ಮೇಲೊಂದು. ಎದುರಿಗೆ ನಿಂತವರ ಮುಖ ನೋಡೋದೇ ಒಂದು ಮಜಾ. ಮೊದಲ ಪೂರ್ಣ ಸೀಸನ್ನಿನಲ್ಲೇ 28 ಸೇವ್ (ಗೆಲ್ಲುತ್ತಿರೋ ಪಂದ್ಯ ಕೈ ಜಾರದ ಹಾಗೆ ಮುಗಿಸೋದು), ಈ ಕ್ಲಬ್ಬಿನ ಹೊಸಬರಲ್ಲಿ ದಾಖಲೆ. ಇದೇ ಪುಣ್ಯಾತ್ಮ ಜುಲೈನಲ್ಲಿ ಸಿಟ್ಟಿಗೆ ಮೇಜು ಗುದ್ದಿ ಎಡಗೈ ಬೆರಳಿನ ಹತ್ತಿರ ಮೂಳೆ ಮುರಿದುಕೊಂಡು ಕೆಲವು ವಾರ ಹೊರಗೆ ಕೂತ. ಎಸೆಯೋ ಕೈ ಬಲಗೈ ಅನ್ನೋ ಜ್ಞಾನ ಆ ಸಿಟ್ಟಿನಲ್ಲೂ ಇತ್ತಲ್ಲ, ಅಷ್ಟು ಸಾಕು.

ಈಗ ನನ್ನ ಹೊಟ್ಟೆ ಉರಿಯೋ ವಿಷಯ.

'ಓಕ್ಲ್ಯಾಂಡ್ ಜನ ಪಂದ್ಯ ನೋಡೋಕೇ ಬರಲ್ಲ, ಟೀಮು ಹೋಗದೆ ಇನ್ನೇನು ಮಾಡುತ್ತೆ?' ಈ ಮಾತನ್ನು ಈ ವರ್ಷ ಎಷ್ಟು ಸಲ ಕೇಳಿದೆನೋ. ಆಫೀಸಿನಲ್ಲಿ ಕೇಳಿದೆ, ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಚಿತ್ರಾನ್ನ ತಿನ್ನುತ್ತಾ ನಮ್ಮವರೇ ಹೇಳಿದ್ದೂ ಕೇಳಿದೆ. ಲೆಕ್ಕ ಅವರ ಕಡೆಗೇ ಇದೆ, ಒಪ್ಪುತ್ತೇನೆ. ಇಡೀ ಸೀಸನ್ ಸೇರಿಸಿದರೂ 10 ಲಕ್ಷ ಜನ ಬರಲಿಲ್ಲ. ಲೀಗಿನಲ್ಲೇ ಕಡಿಮೆ.

ಆದರೆ ಇದೇ ಮೈದಾನಕ್ಕೆ 1990ರಲ್ಲಿ ಒಂದೇ ಸೀಸನ್‌ನಲ್ಲಿ 29 ಲಕ್ಷ ಜನ ಬಂದಿದ್ದರು. ಅಷ್ಟು ಹಳೇದು ಬೇಡ ಅಂದರೆ 2014ರಲ್ಲಿ 20 ಲಕ್ಷ. ಆ ಊರೇ ಈ ಊರು, ಆ ಜನರೇ ಈ ಜನ. ನಡುವೆ ಏನಾಯಿತು ನೋಡಿ. 2021ರಲ್ಲಿ 86 ಪಂದ್ಯ ಗೆದ್ದ ಟೀಮನ್ನು ಬಿಡಿಬಿಡಿಯಾಗಿ ಮಾರಿದರು. ಮ್ಯಾಟ್ ಓಲ್ಸನ್ ಅಟ್ಲಾಂಟಾಕ್ಕೆ, ಮ್ಯಾಟ್ ಚಾಪ್‌ಮನ್ ಟೊರಾಂಟೊಕ್ಕೆ, ಕ್ರಿಸ್ ಬ್ಯಾಸಿಟ್ ನ್ಯೂಯಾರ್ಕ್‌ಗೆ, ಮುಂದಿನ ಚಳಿಗಾಲಕ್ಕೆ ಶಾನ್ ಮರ್ಫಿ ಕೂಡ ಅಟ್ಲಾಂಟಾಕ್ಕೆ. ಓಲ್ಸನ್ 2023ರಲ್ಲಿ ಅಲ್ಲಿ 54 ಹೋಮ್ ರನ್ ಹೊಡೆದ. ನಾವು ಇಲ್ಲಿ ಟಿವಿಯಲ್ಲಿ ನೋಡಿ ಚಪ್ಪಾಳೆ ಹೊಡೆದೆವು. ಸ್ಟೇಡಿಯಂ ಸ್ಥಿತಿಯಂತೂ ಕೇಳಬೇಡಿ. ಚರಂಡಿ ನೀರು ಡಗ್‌ಔಟ್‌ಗೆ ನುಗ್ಗಿದ್ದು ಎಲ್ಲ ಪತ್ರಿಕೆಯಲ್ಲೂ ಬಂದಿತ್ತು. ಕಾಮೆಂಟರಿ ಕೋಣೆಯ ಗೋಡೆಯೊಳಗೆ ಪಾಸಮ್ ಅನ್ನೋ ಹೆಗ್ಗಣದಂಥ ಪ್ರಾಣಿ ಸಂಸಾರ ಹೂಡಿತ್ತು. ಹೋಟೆಲಿನ ಅಡುಗೆಯವರನ್ನೆಲ್ಲ ಬಿಡಿಸಿ, ಮೇಜು ಒರೆಸೋದನ್ನೂ ನಿಲ್ಲಿಸಿ, ಆಮೇಲೆ ಗಿರಾಕಿ ಬರ್ತಿಲ್ಲ ಅಂತ ಊರನ್ನೇ ಬೈದರೆ ಹೇಗೆ? ಇದರ ಮೇಲೆ ಟೀಮಿನ ಜಾಹೀರಾತು ಏನಿತ್ತು ಗೊತ್ತಾ? ಓಕ್ಲ್ಯಾಂಡ್‌ನಲ್ಲೇ ಬೇರು ಬಿಟ್ಟವರು ಅಂತ. ಆ ಬರಹದ ದೊಡ್ಡ ದೊಡ್ಡ ಬ್ಯಾನರ್.

ಜನರಿಗೆ ಪ್ರೀತಿ ಇಲ್ಲ ಅನ್ನೋರು 2023ರ ಜೂನ್ 13 ನೋಡಬೇಕಿತ್ತು. ಅಭಿಮಾನಿಗಳೇ ಮಾತಾಡಿಕೊಂಡು ಒಂದು ಮಂಗಳವಾರ ರಾತ್ರಿ ಹಿಂಡುಹಿಂಡಾಗಿ ಸ್ಟೇಡಿಯಂಗೆ ಬಂದರು. ಆ ವರ್ಷದ ಕೆಟ್ಟ ಟೀಮಿಗೆ 27,759 ಜನ! 'ಮಾರಿಬಿಡಿ' ಅಂತ ಬರೆದ ಹಸಿರು ಟೀ ಶರ್ಟ್ ಹಾಕಿಕೊಂಡು ಬಂದಿದ್ದರು. ಮಾರಬೇಕಿದ್ದು ಆಟಗಾರರನ್ನಲ್ಲ, ಟೀಮನ್ನೇ, ಬೇರೆ ಮಾಲೀಕರಿಗೆ. ಅದೇ ಹೊತ್ತಿಗೆ ಅತ್ತ ನೆವಾಡಾದಲ್ಲಿ ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸರ್ಕಾರಿ ದುಡ್ಡು ಕೊಡುವ ಮಸೂದೆ ನಡೆಯುತ್ತಿತ್ತು. ಕೊಟ್ಟರು ಕೂಡ.

ನಮ್ಮೂರವರಿಗೆ ಇದನ್ನು ವಿವರಿಸೋಕೆ ಆರ್‌ಸಿಬಿನೇ ಬೇಕು. ಇದೇ 2024ರ ಬೇಸಿಗೆಯಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋದರಲ್ಲ, ಬೆಳಗಿನ ಜಾವ ಎದ್ದು ನೋಡಿದ್ದೆ. ಆ ವರ್ಷ ಅಲ್ಲೂ ಕಪ್ ಬರಲಿಲ್ಲ, ಇಲ್ಲೂ ಬರಲಿಲ್ಲ. ಆದರೆ ಮುಂದಿನ ವರ್ಷ 'ಈ ಸಲ ಕಪ್ ನಮ್ದೇ' ಅನ್ನೋಕೆ ಚಿನ್ನಸ್ವಾಮಿ ಸ್ಟೇಡಿಯಂ ಅಲ್ಲೇ ಇರುತ್ತೆ. ಅದನ್ನು ಯಾರಾದರೂ ಲಾರಿಗೆ ತುಂಬಿಕೊಂಡು ಅಹಮದಾಬಾದಿಗೆ ಹೋದರೆ? ಕಪ್ ಇಲ್ಲದ ನೋವು ನನಗೆ ಅಭ್ಯಾಸ ಇದೆ. ಟೀಮೇ ಇಲ್ಲದಿರೋದು ಬೇರೆ.

ಓಕ್ಲ್ಯಾಂಡ್‌ಗೆ ಇದು ಮೂರನೇ ಏಟು. ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ 2019ರಲ್ಲಿ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಅಮೆರಿಕನ್ ಫುಟ್‌ಬಾಲ್‌ನ ರೇಡರ್ಸ್ ಮರು ವರ್ಷ ಅದೇ ವೇಗಸ್‌ಗೆ. ಐದೇ ವರ್ಷದಲ್ಲಿ ಮೂರೂ ಖಾಲಿ.

ಕೊನೆಯ ದಿನ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ. ನಾನು ರಜೆ ಹಾಕಿದೆ, ಮಗಳಿಗೆ ಶಾಲೆ ತಪ್ಪಿಸಿದೆ. (ಅವಳ ಅಮ್ಮ ಇದನ್ನು ಓದುತ್ತಿದ್ದರೆ: ಹೌದು, ಜ್ವರ ಇರಲಿಲ್ಲ.) ಬಾರ್ಟ್ ನಿಲ್ದಾಣದಿಂದ ಸ್ಟೇಡಿಯಂಗೆ ಹೋಗೋ ಮೇಲ್ಸೇತುವೆ ಮೇಲೆ ಕಾಲಿಡೋಕೆ ಜಾಗ ಇಲ್ಲ. ಸೇತುವೆ ಮೇಲೆ ಹಾಟ್ ಡಾಗ್ ಸುಡೋರು, ಟೀ ಶರ್ಟ್ ಮಾರೋರು, ಅಳೋರು, ಹಾಡೋರು, ಎಲ್ಲ ಒಟ್ಟಿಗೆ. ಜಾತ್ರೆಯ ಕೊನೆ ದಿನ ತೇರು ಗುಡಿ ಸೇರುವಾಗ ಇರುತ್ತಲ್ಲ, ಅಂಥ ಗದ್ದಲ. 46,889 ಜನ. ಹಿಂದೆ ಇಲ್ಲಿ ಪಿಚರ್ ಆಗಿದ್ದ ಬ್ಯಾರಿ ಝಿಟೊ ರಾಷ್ಟ್ರಗೀತೆ ಹಾಡಿದರು. ಮೊದಲ ಚೆಂಡು ಎಸೆಯೋಕೆ ಬಂದವರು ಡೇವ್ ಸ್ಟುವರ್ಟ್ ಮತ್ತು ರಿಕಿ ಹೆಂಡರ್ಸನ್, 1989ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದ ಟೀಮಿನವರು.

ಎದುರಾಳಿ ಯಾರು ಅಂತೀರಿ? ಟೆಕ್ಸಸ್ಸೇ. ನನಗೆ 2012ರಲ್ಲಿ ಹುಚ್ಚು ಹಿಡಿಸಿದ ಅದೇ ಟೆಕ್ಸಸ್.

ಆಟದಲ್ಲಿ ವಿಶೇಷ ಏನಿಲ್ಲ. 3-2. ಒಂಬತ್ತನೇ ಇನಿಂಗ್ಸ್‌ಗೆ ಮಿಲ್ಲರ್ ಬಂದ. ಕೊನೆಯ ಚೆಂಡು ಮೂರನೇ ಬೇಸ್ ಕಡೆ ಉರುಳಿತು, ಎತ್ತಿ ಎಸೆದರು, ಔಟ್. ಗೆದ್ದೆವು. ಗೆದ್ದಾಗ ಕೂಗಬೇಕಲ್ವಾ? ಕೂಗಿದೆವು. ಕೂಗು ನಿಂತ ಮೇಲೂ ಯಾರೂ ಏಳಲಿಲ್ಲ. ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿ, 'ಲೆಟ್ಸ್ ಗೋ ಓಕ್ಲ್ಯಾಂಡ್' ಅಂತ ಕೊನೆಯ ಸಲ ಕೂಗಿಸಿದರು. ಅವರೂ ಒಂದು ಕಾಲಕ್ಕೆ ಇಲ್ಲೇ ಆಡಿದವರು. ಗಲಾಟೆ ಆಗಬಹುದು ಅಂತ ಪೊಲೀಸರು ಜಾಸ್ತಿ ಇದ್ದರು. ಜನ ಸುಮ್ನೆ ಕೂತಿದ್ದರು. ನಮ್ಮ ಮುಂದಿನ ಸಾಲಿನ ಅಜ್ಜ ಒಬ್ಬರು 1968ರಿಂದ ಬರುತ್ತಿದ್ದಾರಂತೆ, ಟೀಮು ಈ ಊರಿಗೆ ಬಂದ ವರ್ಷದಿಂದ. ಸೀಟಿನ ಕೈ ಒರಗು ತಟ್ಟುತ್ತಾ ಕೂತಿದ್ದರು. ಮೈದಾನದ ಮಣ್ಣು ತುಂಬಿಕೊಳ್ಳೋಕೆ ಅಂತ ಮಗಳು ನೀರಿನ ಬಾಟಲಿ ಖಾಲಿ ಮಾಡಿದ್ದಳು. ನಮಗೆ ಕೆಳಗೆ ಇಳಿಯೋಕೆ ಆಗಲಿಲ್ಲ. ಖಾಲಿ ಬಾಟಲಿಯೇ ವಾಪಸ್ ಬಂತು.

ಆ ವಾರ ಮಾಲೀಕರು ಅಭಿಮಾನಿಗಳಿಗೆ ಪತ್ರ ಬರೆದಿದ್ದರು. ನಾವು ಪ್ರಯತ್ನಪಟ್ಟೆವು ಅಂತ ಅದರಲ್ಲಿತ್ತು. ಈಗ ಡಿಸೆಂಬರ್ ಸುದ್ದಿ ಕೇಳಿ. ಓಕ್ಲ್ಯಾಂಡ್ ಬಿಟ್ಟು ಮೂರು ತಿಂಗಳೂ ಆಗಿಲ್ಲ, ಲೂಯಿಸ್ ಸೆವೆರಿನೊ ಅನ್ನೋ ಪಿಚರ್‌ಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರ್ ಕೊಟ್ಟು ಕರೆತಂದಿದ್ದಾರೆ. ಅಲ್ಲಿಯವರೆಗಿನ ಈ ಕ್ಲಬ್ಬಿನ ಇತಿಹಾಸದಲ್ಲೇ ದೊಡ್ಡ ಒಪ್ಪಂದ. ದುಡ್ಡು ಇರಲಿಲ್ಲ ಅಂತಲ್ಲ ಅಂದ ಹಾಗಾಯ್ತು.

ಇನ್ನು ರಿಕಿ. ಕ್ರಿಸ್‌ಮಸ್ ದಿನ ಹುಟ್ಟಿದವರು, 66 ತುಂಬೋಕೆ ಐದು ದಿನ ಇತ್ತು. ಬೆಳೆದಿದ್ದು ಓಕ್ಲ್ಯಾಂಡ್‌ನಲ್ಲೇ. ಪಿಚರ್ ಚೆಂಡು ಎಸೆಯೋ ಹೊತ್ತಿಗೆ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿಬಿಡೋದಕ್ಕೆ ಬೇಸ್ ಕದಿಯೋದು ಅಂತಾರೆ. ರಿಕಿ ಹಾಗೆ ಕದ್ದಿದ್ದು 1,406. ಎರಡನೇ ಸ್ಥಾನದಲ್ಲಿರೋ ಲೂ ಬ್ರಾಕ್ 938. ಆ ದಾಖಲೆ ಮುರಿದಿದ್ದೂ ಇದೇ ಮೈದಾನದಲ್ಲಿ, 1991ರ ಮೇ 1ರಂದು. ಮೈದಾನಕ್ಕೆ ಇಟ್ಟಿದ್ದೂ ಅವರದೇ ಹೆಸರು. ಕೊನೆ ಪಂದ್ಯಕ್ಕೆ ಬಂದು ಚೆಂಡು ಎಸೆದು ಹೋದವರು ಮೂರು ತಿಂಗಳೊಳಗೆ ಹೋಗೇಬಿಟ್ಟರು. ಸುದ್ದಿ ಓದಿ ಮಗಳಿಗೆ ಹೇಳಿದೆ. 'ನಾವು ನೋಡಿದ್ವಲ್ಲ ಅಪ್ಪ, ಅವರೇನಾ?' ಅಂದಳು. ಅವರೇ ಕಣಮ್ಮ.

ಸ್ಯಾಕ್ರಮೆಂಟೊಗೆ ಹೋಗ್ತೀರಾ ಅಂತ ಸುಮಾರು ಜನ ಕೇಳಿದ್ದೀರಿ. ಇಲ್ಲ. ರೂಕರ್, ಬಟ್ಲರ್ ಮೇಲೆ ಸಿಟ್ಟಿಲ್ಲ, ಅವರ ಸ್ಕೋರ್ ಕದ್ದು ನೋಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದ ಜಯಂಟ್ಸ್ ಟೀಮಿನ ಅಭಿಮಾನಿಗಳಾಗಿ ಅಂತ ಕೊಲ್ಲಿಯ ಆಚೆಯ ಗೆಳೆಯರು ಕರೀತಿದ್ದಾರೆ. ಆ ಮಾತನ್ನು ನಮ್ಮ ಮನೆಯಲ್ಲಿ ಎತ್ತುವ ಹಾಗಿಲ್ಲ. ವೆಸ್ಟ್ ಓಕ್ಲ್ಯಾಂಡ್‌ನ ರೈಮಂಡಿ ಪಾರ್ಕ್‌ನಲ್ಲಿ ಓಕ್ಲ್ಯಾಂಡ್ ಬಾಲರ್ಸ್ ಅಂತ ಸಣ್ಣ ಲೀಗಿನ ಹೊಸ ಟೀಮು 2024ರಲ್ಲೇ ಆಡೋಕೆ ಶುರುಮಾಡಿದೆ. ಎ'ಸ್ ಹೋಗುತ್ತೆ ಅಂತ ಗೊತ್ತಾದಾಗ ಇಲ್ಲಿನವರೇ ಕಟ್ಟಿಕೊಂಡಿದ್ದು. ಬೇಸಿಗೆಗೆ ಅಲ್ಲಿಗೆ ಹೋಗೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಆ ನೀರಿನ ಬಾಟಲಿಯನ್ನೂ ತೊಳೆದು ಇಟ್ಟಿದ್ದಾಳೆ. ಯಾಕೆ ಅಂತ ನಾನು ಕೇಳಿಲ್ಲ.