ಠೇವಣಿ ವಾಪಸ್ ಕೊಡೋಕೆ ಬಜೆಟ್ ಯಾಕೆ?

ಸರ್ಕಾರದ ದುಡ್ಡೆಲ್ಲ ಒಂದೇ ಗಂಟು, ಸದನ ಒಪ್ಪದೆ ಒಂದು ಪೈಸೆನೂ ಹೊರಗೆ ಬರುವುದಿಲ್ಲ ಅಂತ ಸರ್ಕಾರದ ಹಣದ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿದೆ. ಇದು ಅರ್ಧ ಮಾತ್ರ ಸರಿ. ತೆರಿಗೆ, ಸಾಲ ಬಂದು ಬೀಳುವ ಸಂಚಿತ ನಿಧಿಗೆ ಆ ಮಾತು ಒಪ್ಪುತ್ತದೆ. ಆದರೆ ಸಂವಿಧಾನದ 266ನೇ ವಿಧಿಯಲ್ಲೇ ಇನ್ನೊಂದು ಚೀಲ ಇದೆ, ಸಾರ್ವಜನಿಕ ಲೆಕ್ಕ ಅಂತ. ನೌಕರರ ಜಿಪಿಎಫ್ (ಭವಿಷ್ಯ ನಿಧಿ), ಗುತ್ತಿಗೆದಾರರು ಕೆಲಸಕ್ಕೆ ಭದ್ರತೆಯಾಗಿ ಇಟ್ಟ ಠೇವಣಿ ಇರುವುದು ಅದರಲ್ಲಿ. ಅದು ನಮ್ಮದೇ ದುಡ್ಡು, ಸರ್ಕಾರ ಕಾಯ್ದು ಕೊಡಬೇಕು ಅಷ್ಟೆ. ವಾಪಸ್ ಕೊಡೋಕೆ ಶಾಸಕರು ಕೈ ಎತ್ತಬೇಕಿಲ್ಲ.

ನಾನು ಬಾಗಲಕೋಟೆಯಲ್ಲಿ ಚರಂಡಿ, ಸಣ್ಣ ರಸ್ತೆ ಕೆಲಸ ಮಾಡಿಸುವವನು. ಒಂದು ಕಚೇರಿಯಲ್ಲಿ ಠೇವಣಿ ಕೇಳಿದರೆ "ಈ ವರ್ಷ ಬಜೆಟ್ ಬಂದಿಲ್ರೀ" ಅಂದರು. ಬಿಸಿಲಲ್ಲಿ ಮೂರು ಸಲ ನವನಗರದ ಆ ಕಚೇರಿಗೆ ಓಡಾಡಿದೆ. ನಾಲ್ಕನೇ ಸಲ ಠೇವಣಿ ಕಟ್ಟಿದ ಹಳೆ ಚಲನ್ ಮೇಜಿನ ಮೇಲೆ ಇಟ್ಟೆ. ಜೇಬಿನ ಬೆವರಿಗೆ ಅಕ್ಷರ ಅರ್ಧ ಅಳಿಸಿದ್ದವು, 8443 ಮಾತ್ರ ಓದುವ ಹಾಗಿತ್ತು. ಅದು ಸಿವಿಲ್ ಠೇವಣಿಯ ಲೆಕ್ಕ ಶೀರ್ಷಿಕೆ, ಅಂದರೆ ಸರ್ಕಾರ ಆ ದುಡ್ಡನ್ನು ಯಾವ ಬಾಬಿನಲ್ಲಿ ಬರೆಯುತ್ತದೆ ಅಂತ ಹೇಳುವ ಸಂಖ್ಯೆ. 8001ರಿಂದ ಮುಂದಿನವೆಲ್ಲ ಸಾರ್ವಜನಿಕ ಲೆಕ್ಕದವು. ಬಜೆಟ್ ಖರ್ಚಾಗಿದ್ದರೆ ಆ ಸಂಖ್ಯೆ 2ರಿಂದ 7ರೊಳಗಿನ ಅಂಕಿಯಿಂದ ಶುರುವಾಗಬೇಕಿತ್ತು, ಅಲ್ವಾ? ಗುಮಾಸ್ತರು ಕನ್ನಡಕ ಏರಿಸಿ ನೋಡಿ "ಹೌದಲ್ರೀ" ಅಂದರು. ಎರಡು ವಾರಕ್ಕೆ ದುಡ್ಡು ಬಂತು. (ಬಡ್ಡಿ ಕೇಳಬೇಡಿ!)

ಹಾಂ, 8000 ಒಂದೇ ಬೇರೆ, ಅದು ಸಾದಿಲ್ವಾರು ನಿಧಿ. ಅಂದುಕೊಳ್ಳದ ಖರ್ಚು ಬಂದರೆ ಮೊದಲು ಅದರಿಂದ ತೆಗೆಯುತ್ತಾರೆ, ಆಮೇಲೆ ಸದನದ ಒಪ್ಪಿಗೆ ಪಡೆದು ತುಂಬುತ್ತಾರೆ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.