ರಾಗಿ ಬಿಸ್ಕತ್ತಿನ ಹಿಂಬದಿಯನ್ನೂ ಓದಿ

ಆರೋಗ್ಯಕರ ತಿಂಡಿ ಬಗ್ಗೆ ನೀವು ಬರೆದ ಲೇಖನದ ಬಹುಪಾಲು ಮಾತು ಒಪ್ಪುವಂಥದ್ದೇ. ಆದರೆ ‘ಮೈದಾ ಬಿಸ್ಕತ್ತಿನ ಬದಲು ರಾಗಿ ಬಿಸ್ಕತ್ತು, ಬಿಳಿ ಬ್ರೆಡ್ಡಿನ ಬದಲು ಮಲ್ಟಿಗ್ರೇನ್ ಬ್ರೆಡ್ ತನ್ನಿ, ಅರ್ಧ ಕೆಲಸ ಮುಗಿಯಿತು’ ಎಂದಿದ್ದೀರಲ್ಲ, ಅಲ್ಲೇ ನನ್ನ ತಕರಾರು. ಪ್ಯಾಕೆಟ್ ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದರ ತೂಕ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನೋದು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ. ಎಷ್ಟೋ ರಾಗಿ ಬಿಸ್ಕತ್ತುಗಳಲ್ಲಿ ಮೊದಲು ಬರುವುದು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ. ರಾಗಿ ಎಷ್ಟು ಅಂತ ಪಕ್ಕದಲ್ಲಿ ಶೇಕಡಾ ಲೆಕ್ಕ ಇರುತ್ತದೆ, ಅದನ್ನು ಓದಿದರೆ ಸಾಕು. ಮೈದಾವನ್ನು ‘ರಿಫೈನ್ಡ್ ವೀಟ್ ಫ್ಲೋರ್’ ಅಂತ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿರುತ್ತಾರೆ. ಕನ್ನಡ ಮಾತ್ರ ಓದುವ ಅಜ್ಜಿ ಮೊಮ್ಮಗನಿಗೆ ಅಂತ ತಂದರೆ ಅವರಿಗೆ ಕಾಣೋದು ಮುಂದಿನ ಚಿತ್ರ ಅಷ್ಟೇ ಅಲ್ವಾ?

ಇದು ಬಿಸ್ಕತ್ತಿನ ಕಥೆ ಮಾತ್ರ ಅಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ, ಹಾಲಿಗೆ ಬೆರೆಸುವ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಿರಿ ಅಂತ ಹೇಳಬೇಕಾಯಿತು.

ನಮ್ಮ ಮನೆಯಲ್ಲಿ ಸಂಜೆಗೆ ರಾಗಿ ಹುರಿಹಿಟ್ಟು, ಇಲ್ಲವೇ ಹುರಿಗಡಲೆ, ಕಡಲೆಕಾಯಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಆದರೆ ಅದು ಸಿಗಬೇಕಾದರೆ ರಾಗಿಯನ್ನೇ ತಿನ್ನಬೇಕು. (ಬೆಲ್ಲವನ್ನು ಸುಮ್ನೆ ಸುರಿಯಬೇಡಿ, ಅದೂ ಸಕ್ಕರೆಯೇ.) ದುಡ್ಡಿನ ಲೆಕ್ಕದಲ್ಲೂ ಕಿಲೋ ರಾಗಿಗಿಂತ ಕಿಲೋ ಬಿಸ್ಕತ್ತೇ ದುಬಾರಿ. ಹುರಿಯುವ, ಬೀಸುವ ಕೆಲಸ ಮನೆಯಲ್ಲಿ ಒಬ್ಬರ ತಲೆಗೇ ಬೀಳುತ್ತದೆ ಅನ್ನೋದು ಮಾತ್ರ ನಿಜ. ಲೇಖನ ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲ.